ಹನ್ನೊಂದಕ್ಕೆ ಒಗ್ಗದ ಅಂಗಿ

“ಇದು ಅವರದ್ದಲ್ಲ.”

ಹಾಗಂದವಳು ಅಂಗಿಯನ್ನು ಮಾತ್ರ ಕೆಳಗಿಡಲಿಲ್ಲ. ಕಾಲರನ್ನು ಮಗುಚಿ, ಒಳಗೆ ಹೊಲಿದಿದ್ದ ಬೆರಳುದ್ದದ ಬಿಳಿ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸುತ್ತಲೇ ಇದ್ದಳು. ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ನಾಲ್ಕು ಅಂಕಿ. ಆರು, ಎರಡು, ಐದು, ಐದು.

ಠಾಣೆಯ ಹಿಂಬದಿಯ ಕೋಣೆ ಅದು. ಒಂದು ಮೇಜು, ಎರಡು ಬೆಂಚು, ಕಿಟಕಿಯ ಒಡೆದ ಗಾಜಿಗೆ ಅಡ್ಡವಾಗಿ ಒಂದು ರಟ್ಟು. ಹೊಳೆಯಲ್ಲಿ ಸಿಕ್ಕ ಹೆಣದ ಮುಖ ಗುರುತು ಹಿಡಿಯುವ ಹಾಗಿರಲಿಲ್ಲ. ಅದರ ಮೈಮೇಲಿದ್ದ ಈ ಅಂಗಿಯೇ ಏನಾದರೂ ಬಾಯಿಬಿಡಬೇಕಾಗಿತ್ತು.

ಠಾಣೆಯ ಕಡತ ಬರೆಯುವ ರೈಟರು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದ. “ಅಲ್ಲಮ್ಮ, ನಿಮ್ಮ ಲಾಂಡ್ರಿ ಕೆಲಸದವರಿಗೆ ಕೊಡೋ ಅಂಗಿ. ನಿಮ್ಮ ಲಾಂಡ್ರಿ ಪಟ್ಟಿ. ನಂಬರು ನಿಮ್ಮ ಯಜಮಾನ್ರದ್ದೇ ಅಂತ ನಿಮ್ಮ ಮ್ಯಾನೇಜರ್ ಸಾಹೇಬ್ರೇ ಹೇಳ್ತಿದ್ದಾರೆ. ಇನ್ನೇನು ಬೇಕು?”

“ಅವರ ನಂಬರು ಆರು, ಎರಡು, ಐದು, ಒಂಬತ್ತು.”

“ಒಂದೇ ಒಂದು ಅಂಕಿ ತಾನೆ,” ಅಂದ ಮ್ಯಾನೇಜರು. ಅವನ ದನಿಗೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ, ಎಲ್ಲೂ ಒಂದು ಸುಕ್ಕಿಲ್ಲ. “ನಿಮ್ಮ ಸಂಕಟ ನನಗೆ ಅರ್ಥ ಆಗುತ್ತಮ್ಮ. ಹೊಲಿಯೋವಾಗ ಒಂದು ಅಂಕಿ ಹೆಚ್ಚುಕಡಿಮೆ ಆಗಿರುತ್ತೆ.”

“ನಮ್ಮಲ್ಲಿ ಆಗಲ್ಲ ಸರ್. ತಾಳೆ ನೋಡದೆ ಯಾರೂ ದಾರ ಕತ್ತರಿಸಲ್ಲ. ಇದು ಹನ್ನೊಂದಕ್ಕೆ ಹೋಗಲ್ಲ.”

“ಹನ್ನೊಂದಕ್ಕೆ ಎಲ್ಲಿಗೆ ಹೋಗಬೇಕು?” ಅಂದ ರೈಟರು, ಗೋಡೆ ಗಡಿಯಾರದತ್ತ ನೋಡಿ.

ಯಾರೂ ನಗಲಿಲ್ಲ. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದ ದಫೇದಾರ ಮಾತ್ರ ಮುಂದಕ್ಕೆ ಬಾಗಿದ. ಪೊಲೀಸ್ ನೌಕರಿ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಜನರ ಬಾಯಲ್ಲಿ ಅವನಿನ್ನೂ ದಫೇದಾರನೇ. ಗಂಡನನ್ನು ಹುಡುಕಿಕೊಡಿ ಎಂದು ಈ ಹೆಂಗಸು ಅವನ ಮನೆಯ ಜಗಲಿಯಲ್ಲಿ ಬಂದು ಕೂತ ದಿನದಿಂದ ಅವನಿಗೆ ಅನ್ನ ಸರಿಯಾಗಿ ಇಳಿದಿರಲಿಲ್ಲ.

“ಅದೇನು ತಾಳೆ? ನನಗೂ ಹೇಳಮ್ಮ,” ಅಂದ. “ಲೆಕ್ಕದಲ್ಲಿ ನಾನು ದಡ್ಡ. ನಿಧಾನವಾಗಿ ಹೇಳು.”

ಅವಳು ತನ್ನ ಅಂಗೈ ಚಾಚಿ, ಬೆರಳಲ್ಲಿ ಬರೆಯುತ್ತ ಹೇಳಿದಳು. “ಒಂದು ಬಿಟ್ಟು ಒಂದು ಅಂಕಿ ಕೂಡಬೇಕು. ಅವರ ನಂಬರು ತಗೊಳ್ಳಿ. ಮೊದಲನೇದು, ಮೂರನೇದು, ಆರೂ ಐದೂ ಹನ್ನೊಂದು. ಎರಡನೇದು, ನಾಲ್ಕನೇದು, ಎರಡೂ ಒಂಬತ್ತೂ ಹನ್ನೊಂದು. ಎರಡೂ ಕಡೆ ಸಮ ಬಂತಲ್ಲ? ಹಾಗಾದ್ರೆ ಆ ನಂಬರನ್ನ ಹನ್ನೊಂದರಿಂದ ಭಾಗಿಸಿದ್ರೆ ಚೂರೂ ಉಳಿಯಲ್ಲ. ನಮ್ಮ ಲಾಂಡ್ರೀಲಿ ಗಿರಾಕಿಗಾಗ್ಲಿ ಕೆಲಸದವರಿಗಾಗ್ಲಿ ಎಲ್ಲ ನಂಬರೂ ಹಂಗೇ ಇರೋದು. ಮೊದಲ ಮೂರು ಅಂಕಿ ಅವರವರದ್ದು, ಕೊನೇದು ತಾಳೆಗೆ. ಈಗ ಇದನ್ನ ನೋಡಿ. ಒಂದು ಕಡೆ ಹನ್ನೊಂದು. ಇನ್ನೊಂದು ಕಡೆ ಎರಡೂ ಐದೂ ಏಳೇ.”

“ಹಳೇ ಪಟ್ಟಿ ಇರಬಹುದು,” ಅಂದ ರೈಟರು.

“ಈ ಹನ್ನೊಂದರ ಲೆಕ್ಕ ಬಂದಾಗ ಹಳೇ ಪಟ್ಟಿಗಳನ್ನೆಲ್ಲ ನಮ್ಮೋರೇ ಬಿಚ್ಚಿ, ಎಲ್ಲರೆದುರು ಬಾಯ್ಲರಿಗೆ ಹಾಕಿದ್ರು. ಈ ಅಂಗಿಗೆ ಎರಡು ಜೇಬಿದೆ ನೋಡಿ. ಎರಡು ಜೇಬಿನ ಅಂಗಿ ಕೊಡೋಕೆ ಶುರು ಮಾಡಿದ್ದೇ ಆಮೇಲೆ.”

ದಫೇದಾರ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೌದು, ಎರಡು ಜೇಬು. ಪಟ್ಟಿಯ ಹೊಲಿಗೆ ನೀಟಾಗಿತ್ತು. ಎರಡು ಐದಕ್ಕೂ ತಲೆಯ ಗೆರೆ ಸ್ವಲ್ಪ ಉದ್ದವಾಗಿ, ತುದಿಯಲ್ಲಿ ಕೊಕ್ಕೆಯ ಹಾಗೆ ಕೆಳಕ್ಕೆ ಬಾಗಿತ್ತು. ಟೋಪಿ ಹಾಕಿಕೊಂಡ ಐದು.

ರೈಟರು ಒಂದು ಕಾಗದವನ್ನು ಮುಂದೆ ತಳ್ಳಿದ. “ನೋಡಮ್ಮ, ನಾನು ಕೆಟ್ಟವನಲ್ಲ. ಗಂಡ ಅಂತ ಗುರುತು ಹಿಡಿದು ಸಹಿ ಹಾಕಿದ್ರೆ ದೇಹ ನಿಮ್ಮ ಕೈಗೆ ಕೊಡ್ತೀವಿ, ಕಾಣೆಯಾದವರ ಕಡತ ಮುಚ್ತೀವಿ. ಇಲ್ಲಾಂದ್ರೆ ವಾರಸುದಾರರಿಲ್ಲ ಅಂತ ಬರ್ಕೊಂಡು ಸಂಜೆಗೆ ನಾವೇ ಮಣ್ಣು ಮಾಡ್ತೀವಿ. ಇನ್ನು ಇಟ್ಕೊಳ್ಳೋಕಾಗಲ್ಲ.”

“ನಾನು ಸಹಿ ಹಾಕಲ್ಲ.”

“ಸಂಜೆವರೆಗೆ ಹೊತ್ತಿದೆ,” ಅಂದ ಮ್ಯಾನೇಜರು. ಕಾಗದವನ್ನು ಮಡಿಸಿ ತನ್ನ ಜೇಬಿಗೆ ಹಾಕಿಕೊಂಡ. “ಇದು ನನ್ನ ಹತ್ರ ಇರಲಿ ರೈಟ್ರೇ, ನಾನೇ ಹಾಕಿಸ್ಕೊಂಡು ಬರ್ತೀನಿ. ನೀವು ಎಲ್ಲಿದ್ರೂ ಅಲ್ಲಿಗೆ ಕಾರು ತರ್ತೀನಮ್ಮ. ಒಬ್ಬರೇ ಓಡಾಡಬೇಡಿ.”

ಒಳ್ಳೆಯ ಮಾತು. ಆದರೂ ದಫೇದಾರನಿಗೆ ಅದು ಒಗ್ಗಲಿಲ್ಲ. ಕೆಲಸಗಾರನೊಬ್ಬನ ಹೆಣಕ್ಕೆ ಇಷ್ಟು ಮುತುವರ್ಜಿ ತೋರಿಸಿದ ಮ್ಯಾನೇಜರನ್ನು ಅವನು ತನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ.

*

ಬೀದಿಗೆ ಬಂದ ಮೇಲೆ ಅವಳ ಬಿಗಿಯೆಲ್ಲ ಸಡಿಲವಾಯಿತು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಯಾರೋ ಕೈತಪ್ಪಿ ಹಂಗೆ ಹೊಲಿದಿದ್ರೆ, ದಫೇದಾರ್ರೇ? ಒಳಗೆ ಮಲಗಿರೋರು ಅವರೇ ಆಗಿದ್ರೆ? ನಾನು ಒಂದು ಅಂಕಿ ಹಿಡ್ಕೊಂಡು ಜಗಳ ಆಡಿ, ಅವರನ್ನ ಅನಾಥನ ಥರ ಮಣ್ಣಿಗೆ ಹಾಕಿಸಿಬಿಟ್ರೆ?”

ದಫೇದಾರ ಪಕ್ಕದಲ್ಲಿ ನಿಂತ. ಬಿಸಿಲು ಏರಿತ್ತು. ಎದುರುಗಡೆ ಯಾರದೋ ಮಹಡಿಯ ಮೇಲೆ ಒಗೆದ ಬಟ್ಟೆಗಳು ಗಾಳಿಗೆ ಒಂದರ ಹಿಂದೆ ಒಂದು ಹೊಟ್ಟೆ ಉಬ್ಬಿಸಿ, ಮತ್ತೆ ಸೊರಗುತ್ತಿದ್ದವು.

“ಮನೇಲಿ ಅವರ ಇನ್ನೊಂದು ಅಂಗಿ ಇದೆ,” ಅಂದಳು. “ವಾರಕ್ಕೊಂದು ಸಲ ತೆಗೆದು, ನೀರು ಚಿಮುಕಿಸಿ, ಇಸ್ತ್ರಿ ಮಾಡಿ ಇಡ್ತೀನಿ. ಯಾರೂ ಹಾಕ್ಕೊಳ್ಳದ ಅಂಗಿ ಸುಕ್ಕಾಗುತ್ತಾ? ಆಗಲ್ಲ. ಇಡೀ ದಿನ ಲಾಂಡ್ರೀಲಿ ಮಾಡೋದೂ ಅದೇ ಕೆಲಸ, ಮನೆಗೆ ಬಂದು ಅದೇ. ಮಡಿಕೆ ಬಿದ್ದ ಜಾಗ ಸವೆದುಹೋಗ್ತಾ ಇದೆ. ಅವರು ಬಂದ್ರೆ ಬೈತಾರೆ, ಹಾಕ್ಕೊಳ್ಳೋಕೆ ಮುಂಚೆನೇ ಹರಿದಿದ್ದೀಯಲ್ಲೇ ಅಂತ.”

ಬೈಯಿಸಿಕೊಳ್ಳುವುದಕ್ಕೂ ಕಾದು ಕೂತಿದ್ದಾಳೆ ಎಂದು ದಫೇದಾರನಿಗೆ ಅನ್ನಿಸಿತು. ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಈಗಲೂ ಬೀದಿಯಲ್ಲಿ ಏನಾದರೂ ತಮಾಷೆ ಕಂಡರೆ, ಮನೆಗೆ ಹೋಗಿ ಹೇಳಬೇಕೆಂದು ಒಂದು ಗಳಿಗೆ ಮನಸ್ಸು ಓಡುತ್ತಿತ್ತು. ಆಮೇಲೆ ನೆನಪಾಗುತ್ತಿತ್ತು.

“ನಿನ್ನ ಗಂಡನಿಗೆ ಈ ಹನ್ನೊಂದರ ಹುಚ್ಚು ಹಿಡಿದಿದ್ದು ಹೇಗಮ್ಮ?” ಅಂದ. ಅಳುವವರ ಬಾಯಿಗೆ ಬೇರೆ ಮಾತು ಕೊಡಬೇಕು, ಅಷ್ಟೇ ಅವನಿಗೆ ಗೊತ್ತಿದ್ದ ಉಪಾಯ.

ಅವಳು ಮೂಗೊರೆಸಿಕೊಂಡಳು. ತುಟಿಯಲ್ಲಿ ಸಣ್ಣ ನಗು ಬಂತು.

“ಮೊದಲು ಒಂಬತ್ತಿತ್ತು. ಹಳಬರ ಲೆಕ್ಕ. ನಾಲ್ಕೂ ಅಂಕಿ ಕೂಡಿ, ಒಂಬತ್ತೋ ಹದಿನೆಂಟೋ ಇಪ್ಪತ್ತೇಳೋ ಬಂದ್ರೆ ನಂಬರು ಸರಿ ಅಂತ. ಸುಲಭ. ಆದ್ರೆ ಅದರಲ್ಲೊಂದು ತೂತು. ಅಂಕಿ ಹಿಂದೆಮುಂದಾದ್ರೂ ಕೂಡಿದ್ರೆ ಅಷ್ಟೇ ಬರುತ್ತಲ್ಲ? ಒಬ್ಬ ಡಾಕ್ಟರ ನಂಬರು ನಾಲ್ಕು ಒಂದು ಏಳು ಆರು. ಬ್ಯಾಂಡಿನಲ್ಲಿ ಕಹಳೆ ಊದೋನದ್ದು ನಾಲ್ಕು ಏಳು ಒಂದು ಆರು. ಎರಡೂ ಹದಿನೆಂಟೇ. ಗಂಟು ಕಟ್ಟೋರು ಹಿಂದೆಮುಂದೆ ಓದಿಬಿಟ್ರು.”

“ಆಮೇಲೆ?”

“ಡಾಕ್ಟರ ಮನೆಗೆ ಚಿನ್ನದ ಬಣ್ಣದ ಗುಂಡಿ ಇರೋ ಕೆಂಪು ಕೋಟು ಹೋಯ್ತು. ಕಹಳೆಯವನು ಬಿಳೀ ಕೋಟು ಹಾಕ್ಕೊಂಡೇ ಮೆರವಣಿಗೆಗೆ ಹೋದ. ದಾರಿಯುದ್ದಕ್ಕೂ ಜನ ನಾಲಗೆ ಚಾಚಿ ತೋರಿಸ್ತಿದ್ರಂತೆ.”

ದಫೇದಾರ ಗಟ್ಟಿಯಾಗಿ ನಕ್ಕುಬಿಟ್ಟ. ಅವಳೂ ನಕ್ಕಳು. ಆಮೇಲೆ, ನಕ್ಕದ್ದು ತಪ್ಪೆಂಬಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಆಗಲೇ ಅವರು ಕೂತು ಯೋಚನೆ ಮಾಡಿ ಹನ್ನೊಂದು ತಂದ್ರು. ಆರು ಎರಡು ಐದು ಒಂಬತ್ತನ್ನ ಆರು ಐದು ಎರಡು ಒಂಬತ್ತು ಅಂತ ಓದಿ ನೋಡಿ, ಒಂದು ಕಡೆ ಎಂಟು, ಒಂದು ಕಡೆ ಹದಿನಾಲ್ಕು. ತಕ್ಷಣ ಸಿಕ್ಕಿಬೀಳುತ್ತೆ. ಎಲ್ಲರೂ ಅವರಿಗೆ ಹನ್ನೊಂದಪ್ಪ ಅಂತಲೇ ಹೆಸರಿಟ್ರು. ನನ್ನ ಜೊತೆ ನಡೀತಾ ಇದ್ರೂ ಅದೇ ಕೆಲಸ. ಬಸ್ಸು, ಲಾರಿ, ಯಾವುದು ಹೋದ್ರೂ ನಂಬರು ನೋಡೋರು, ಸರಿ ಬಂದ್ರೆ ನನ್ನ ಮಣಿಕಟ್ಟಿನ ಮೇಲೆ ಬೆರಳಲ್ಲಿ ತಟ್ಟೋರು. ಬೀದೀಲಿ ಕೈ ಹಿಡಿಯೋಕೆ ನಾಚಿಕೆ ಅವರಿಗೆ. ಅದೊಂದು ನೆಪ.”

ಅವಳು ತನ್ನ ಮಣಿಕಟ್ಟನ್ನು ನೋಡಿಕೊಂಡಳು. ಆ ಜಾಗವನ್ನು ಯಾರೋ ಬಿಟ್ಟುಹೋದ ಮನೆಯಂತೆ ನೋಡಿಕೊಂಡಳು.

ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ದಫೇದಾರ ಕಣ್ಣು ಕಿರಿದುಮಾಡಿ ನಂಬರು ಓದಿದ. “ಎಂಟು, ಒಂದು, ಏಳು, ಮೂರು. ಎಂಟೂ ಏಳೂ ಹದಿನೈದು. ಒಂದೂ ಮೂರೂ ನಾಲ್ಕು. ಸಮ ಇಲ್ಲ. ಇದು ಕೆಲಸಕ್ಕೆ ಬಾರದ್ದು.”

“ಸರಿಯಾಗೇ ಇದೆ. ಹದಿನೈದರಲ್ಲಿ ನಾಲ್ಕು ಕಳೀರಿ. ಹನ್ನೊಂದು ವ್ಯತ್ಯಾಸ ಬಂದ್ರೂ ಭಾಗ ಆಗುತ್ತೆ.”

“ಮೊದಲೇ ಹೇಳಬಾರದಾ ತಾಯಿ? ಪಾಪ, ಒಂದು ಲಾರಿ ಮರ್ಯಾದೆ ಕಳೆದೆ.”

ಹಾಗೆನ್ನುತ್ತಲೇ ಅವನ ತಲೆಯೊಳಗೆ ಇನ್ನೊಂದು ಲೆಕ್ಕ ತಾನಾಗಿ ಓಡತೊಡಗಿತ್ತು. ಆರೂ ಎರಡೂ ಎಂಟು. ಎಂಟೂ ಐದೂ ಹದಿಮೂರು. ಹದಿಮೂರೂ ಐದೂ... ಬೆರಳು ಮಡಚಿದ. ಮತ್ತೊಮ್ಮೆ ಮಡಚಿದ.

“ತಂಗೀ, ಆ ಪಟ್ಟಿ ಹನ್ನೊಂದಕ್ಕೆ ಹೋಗಲ್ಲ. ಆದ್ರೆ ಒಂಬತ್ತಕ್ಕೆ?”

ಅವಳ ತುಟಿ ಅಲುಗಿತು.

“ಹದಿನೆಂಟು,” ಅಂದಳು. “ಹೋಗುತ್ತೆ. ಅಯ್ಯೋ, ಅದು ಅವರ ಹಳೇ ನಂಬರು. ಒಂಬತ್ತರ ಕಾಲದ್ದು. ನನಗೆ ಹೊಳೀಲೇ ಇಲ್ಲ.”

“ಅಂದ್ರೆ ಕೈತಪ್ಪಲ್ಲ. ಹೊಲಿದವರು ತಾಳೆ ನೋಡಿಯೇ ದಾರ ಕತ್ತರಿಸಿದ್ದಾರೆ. ಹಳೇ ತಾಳೆ. ಅಂಗಿ ಹೊಸದು, ಲೆಕ್ಕ ಹಳೇದು. ಒಂಬತ್ತು ಕಲಿತು, ಹನ್ನೊಂದು ಬರೋಕೆ ಮುಂಚೆ ಕೆಲಸ ಬಿಟ್ಟವರು ಯಾರಮ್ಮ ನಿಮ್ಮಲ್ಲಿ?”

ಅವಳು ಎದ್ದು ನಿಂತಳು.

“ಒಬ್ಬರೇ ಇರೋದು,” ಅಂದಳು. “ಆದ್ರೆ ಅವರಾಗಿರೋಕೆ ಸಾಧ್ಯ ಇಲ್ಲ. ಅವರಿಗೆ ಕಣ್ಣು ಕಾಣಲ್ಲ.”

*

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಕಿರಿದಾದ ಮೆಟ್ಟಿಲು. ಬಾಗಿಲು ತೆರೆದೇ ಇತ್ತು.

“ಯಾರದು, ದಫೇದಾರನಾ?” ಒಳಗಿಂದ ದನಿ ಬಂತು. “ನೌಕರಿ ಹೋದ್ರೂ ಬೂಟಿನ ಸದ್ದು ಮಾತ್ರ ಇನ್ನೂ ಸರ್ಕಾರದ್ದೇ. ಹಿಂದೆ ಯಾರು, ಮೆತ್ತಗೆ ಹತ್ತಿದ್ದು? ನಮ್ಮ ಸೊಸೆನಾ?”

ಹನ್ನೊಂದಪ್ಪನ ತಾಯಿಯ ಅಕ್ಕ ಆಕೆ. ತಾಯಿಯಿಲ್ಲದ ಮಗುವನ್ನು ಎತ್ತಿ ಬೆಳೆಸಿದವಳು. ಲಾಂಡ್ರಿಯಲ್ಲಿ ನಂಬರು ಹೊಲಿಯುವ ಮೇಜಿನ ಹಿರಿಯಳಾಗಿದ್ದಳು. ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟಿದ್ದಳು. ಎಲ್ಲರಿಗೂ ಅವಳು ದೊಡ್ಡಮ್ಮ. ಕಿಟಕಿ ಪಕ್ಕದ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

“ಕೂತ್ಕೊಳ್ಳಿ. ಕುರ್ಚಿ ಒಂದೇ ಇರೋದು, ಅದಕ್ಕೂ ಕಾಲು ಮೂರೇ. ದಫೇದಾರ ನೆಲದ ಮೇಲೆ ಕೂತ್ಕೊಳ್ಳಲಿ.”

ದಫೇದಾರ ಕೂತ. ಕೂತಲ್ಲಿಂದ ದೊಡ್ಡಮ್ಮನ ಬೆನ್ನ ಹಿಂದಿನ ದಿಂಬು ಕಣ್ಣಿಗೆ ನೇರವಾಯಿತು. ದಿಂಬಿನ ಚೀಲದ ಮೂಲೆಯಲ್ಲಿ ಕೆಂಪು ದಾರದ ಹಳೇ ನಂಬರು. ಅದರಲ್ಲೂ ಒಂದು ಐದು ಇತ್ತು. ತಲೆಯ ಗೆರೆ ಉದ್ದ. ತುದಿಯಲ್ಲಿ ಕೊಕ್ಕೆ.

“ದೊಡ್ಡಮ್ಮ, ಈ ಐದಕ್ಕೆ ಟೋಪಿ ಹಾಕೋದು ನಿಮ್ಮ ಪದ್ಧತೀನಾ?”

ಕೈಯಲ್ಲಿ ನೀರಿನ ಲೋಟ ಹಿಡಿದಿದ್ದ ಮುದುಕಿ ಅದನ್ನು ನಿಧಾನವಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. “ಮೂರು, ಐದು ಒಂದೇ ಥರ ಕಾಣ್ತವೆ ಅಂತ ಹಾಕ್ತಿದ್ದೆ. ಯಾಕೆ?”

“ಠಾಣೇಲಿ ಒಂದು ಅಂಗಿ ಇದೆ. ಅದರಲ್ಲೂ ಟೋಪಿ ಹಾಕಿರೋ ಐದು ಇದೆ. ಎರಡೆರಡು.”

“ನನ್ನ ಹತ್ರ ಕಲಿತ ಹುಡುಗೀರು ಎಷ್ಟೋ ಜನ. ಎಲ್ಲರೂ ಹಾಕ್ತಾರೆ.”

“ಇಲ್ಲ ದೊಡ್ಡಮ್ಮ,” ಅಂದಳು ಸೊಸೆ. “ಇವರು ಬಿಡಿಸಿದ್ರು. ದಾರ ದಂಡ ಅಂತ.”

“ಓಹೋ. ಮೇಜಿಂದ ಎದ್ದ ಕೂಡ್ಲೇ ನನ್ನ ಟೋಪಿ ಕಿತ್ತನಾ ಅವನು?” ಮುದುಕಿ ನಗಲು ನೋಡಿದಳು. ನಗು ಅರ್ಧದಲ್ಲೇ ನಿಂತಿತು. “ನನಗೆ ಕಣ್ಣು ಕಾಣಲ್ಲ ದಫೇದಾರ. ಕುರುಡೀನ ಹಿಡ್ಕೊಂಡು ಇದೇನು ವಿಚಾರಣೆ?”

“ಕಣ್ಣು ಕಾಣಲ್ಲ, ನಿಜ. ಬೆರಳಿಗೆ ಕಾಣುತ್ತಲ್ಲ. ಜೀವಮಾನವಿಡೀ ಅದೇ ಹೊಲಿದ ಬೆರಳು. ಕತ್ತಲಲ್ಲಿ ಕೊಟ್ರೂ ಹೊಲೀತೀರಿ.” ದಫೇದಾರ ಸ್ವಲ್ಪ ಹತ್ತಿರ ಸರಿದ. ದನಿ ತಗ್ಗಿಸಿದ. “ಆದ್ರೆ ಒಂದು ಕೆಲಸ ಮಾತ್ರ ಬೆರಳಿಂದ ಆಗಲ್ಲ. ಸೂಜಿಗೆ ದಾರ ಪೋಣಿಸೋದು. ಅದನ್ನ ಯಾರು ಮಾಡಿಕೊಟ್ರು, ದೊಡ್ಡಮ್ಮ?”

ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ ಚಕ್ರ ತಿರುಗಿಸಿ ಬಿಟ್ಟರು. ಅದು ಗರಗರ ಸುತ್ತಿ, ನಿಧಾನವಾಗಿ, ನಿಂತಿತು.

ಮುದುಕಿಯ ಬೆರಳು ದಿಂಬಿನ ಮೂಲೆಯ ನಂಬರನ್ನು ತಡವಿತು.

ಸೊಸೆ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಮುದುಕಿಯ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. “ದೊಡ್ಡಮ್ಮ, ಸಂಜೆ ನಾನು ಸಹಿ ಹಾಕಬೇಕಂತೆ. ಹಾಕಿದ್ರೆ ಅವರು ಸತ್ತ ಹಾಗೆ. ಹಾಕದೆ ಇದ್ರೆ, ಒಳಗಿರೋರು ಅವರೇ ಆಗಿದ್ರೆ, ದಿಕ್ಕಿಲ್ಲದೆ ಮಣ್ಣಾಗ್ತಾರೆ. ನನಗೆ ಬೇರೆ ಏನೂ ಬೇಡ. ಮಣ್ಣು ಹಾಕಬೇಕಾ, ಬೇಡವಾ, ಅಷ್ಟು ಹೇಳಿ. ಯಾರನ್ನೂ ಏನೂ ಕೇಳಲ್ಲ.”

ಕಾಣದ ಕಣ್ಣಿನಿಂದಲೂ ನೀರು ಬರುತ್ತದೆ. ಮುದುಕಿ ಒರೆಸಿಕೊಳ್ಳಲಿಲ್ಲ.

“ಅವನೇ,” ಅಂದಳು. “ಅವನೇ ಪೋಣಿಸಿಕೊಟ್ಟ.”

ದಫೇದಾರ ಮಂಚದ ಹತ್ತಿರಕ್ಕೆ ಇನ್ನಷ್ಟು ಸರಿದ.

“ಲಾಂಡ್ರೀಗೆ ಒಂದು ಗಂಟು ಬರ್ತಿತ್ತಂತೆ. ಯಾರಿಗೂ ಕೊಡದ ನಂಬರಿನ ಗಂಟು. ಕೆಲವು ನಂಬರಿಗೆ ತಾಳೆ ಮಾಡೋಕೆ ಹೋದ್ರೆ ಕೊನೇ ಅಂಕಿ ಹತ್ತು ಬರಬೇಕಾಗುತ್ತಂತೆ. ಒಂದು ಜಾಗದಲ್ಲಿ ಹತ್ತು ಹೇಗೆ ಹೊಲೀತಾರೆ? ಹಾಗಾಗಿ ಅಂಥ ನಂಬರನ್ನ ಬಿಟ್ಟುಬಿಡ್ತಾರಂತೆ. ಬಿಟ್ಟ ನಂಬರಿನ ಮೇಲೆ ಗಂಟು ಬರುತ್ತೆ, ಹೋಗುತ್ತೆ, ಯಾರೂ ಕೇಳಲ್ಲ. ಇವನಿಗೆ ಸುಮ್ಮನಿರೋಕಾಗುತ್ತಾ? ತಾಳೆ ಬರಲಿಲ್ಲ ಅಂತ ಬಿಚ್ಚಿ ನೋಡಿದ್ದಾನೆ.”

“ಏನಿತ್ತು ಒಳಗೆ?”

“ಹೇಳಲಿಲ್ಲ. ಬಿಚ್ಚಬಾರದಿತ್ತು ದೊಡ್ಡಮ್ಮ, ಅಂದ. ನಾನು ಬಿಚ್ಚಿದ್ದು ಆ ಗಂಟಿನವರಿಗೆ ಗೊತ್ತಾಗಿದೆ ಅಂದ. ಮನೆ ಹತ್ರ ಹೋದ್ರೆ ಅವಳಿಗೂ ಉಳಿಗಾಲ ಇಲ್ಲ, ನಾನು ಸತ್ತೆ ಅಂತ ಆದ್ರೆ ಅವಳನ್ನ ಬಿಡ್ತಾರೆ ಅಂದ. ಒಗೆಯದ ಹೊಸ ಅಂಗಿ ತಂದಿದ್ದ. ಅದಕ್ಕೆ ನನ್ನ ನಂಬರು ಹೊಲಿದು ಕೊಡು ಅಂದ.”

“ಹೆಣ ಯಾರದ್ದು ದೊಡ್ಡಮ್ಮ?” ದಫೇದಾರ ಕೇಳಿದ. “ಅಂಗಿ ತೊಡಿಸೋಕೆ ಅವನಿಗೆ ಹೆಣ ಎಲ್ಲಿಂದ ಬಂತು?”

“ಗೊತ್ತಿಲ್ಲಪ್ಪ. ನಾನು ಯಾರಿಗೂ ಏನೂ ಮಾಡಿಲ್ಲ ಅಂತ ಆಣೆ ಮಾಡಿದ. ನಂಬಿದೆ. ಸಾಕಿದವಳು ನಂಬದೆ ಇನ್ನೇನು ಮಾಡ್ಲಿ?”

“ಮೈಮೇಲೆ ಅವನದೇ ಅಂಗಿ ಇತ್ತಲ್ಲ. ಅದನ್ನೇ ಬಿಚ್ಚಿ ಕೊಡಬಹುದಿತ್ತು. ಹೊಸದಕ್ಕೆ ಯಾಕೆ ಹೊಲಿಸ್ದ?”

ಮುದುಕಿ ಸೊಸೆಯ ಕಡೆ ಮುಖ ತಿರುಗಿಸಿದಳು. “ನಾನೂ ಅದನ್ನೇ ಕೇಳ್ದೆ. ಇದನ್ನ ಅವಳು ಇಸ್ತ್ರಿ ಮಾಡಿದ್ದು, ಇದನ್ನ ಕೊಡಲ್ಲ ಅಂದ.”

ಸೊಸೆ ಎರಡೂ ಕೈಯಿಂದ ಮುದುಕಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ದಫೇದಾರನಿಗೆ ಒಂದು ಸಂಗತಿ ಮಾತ್ರ ನುಂಗಲು ಆಗುತ್ತಿರಲಿಲ್ಲ. “ಅವನು ಪಕ್ಕದಲ್ಲೇ ಕೂತಿದ್ದನಲ್ಲ, ದೊಡ್ಡಮ್ಮ? ಹನ್ನೊಂದು ತಂದವನೇ ಅವನು. ನೀವು ಹಳೇ ನಂಬರು ಹೊಲೀತಾ ಇದ್ರೆ ಅವನ ಕಣ್ಣಿಗೆ ಬೀಳಲಿಲ್ವಾ?”

“ಹೊಲಿದು ಮುಗಿಸಿ, ಓದಪ್ಪ ಅಂತ ಕೈಗೆ ಕೊಟ್ಟೆ. ಓದಿದ. ಆರು, ಎರಡು, ಐದು, ಐದು. ಕೂಡಿದ್ರೆ ಹದಿನೆಂಟು, ಸರಿಯಿದೆಯಲ್ಲ ಅಂದೆ. ಸ್ವಲ್ಪ ಹೊತ್ತು ಅವನ ಉಸಿರಷ್ಟೇ ಕೇಳಿಸ್ತು. ಆಮೇಲೆ, ಸರಿಯಾಗಿದೆ ದೊಡ್ಡಮ್ಮ, ಕತ್ತರಿಸು ಅಂದ.”

ಸೊಸೆ ಎದ್ದು ಕಿಟಕಿಯ ಹತ್ತಿರ ಹೋದಳು. ಸರಳು ಹಿಡಿದುಕೊಂಡು, ಬೀದಿಯನ್ನು ನೋಡುತ್ತ ನಿಂತಳು. ಎಲ್ಲೋ ಒಂದು ಊರಿನ ಇನ್ನೊಂದು ಕಿಟಕಿ ಅಲ್ಲಿಂದ ಕಾಣುತ್ತದೆಯೇನೋ ಎಂಬ ಹಾಗೆ.

“ನೋಡಿಯೂ ಬಿಟ್ರು,” ಅಂದಳು. ದನಿ ತನಗೆ ತಾನೇ ಹೇಳಿಕೊಂಡಂತಿತ್ತು. “ಅದನ್ನ ತಾಳೆ ನೋಡೋಳು ಈ ಭೂಮಿ ಮೇಲೆ ನಾನೊಬ್ಬಳೇ. ಬೇರೆ ಯಾರೇ ಆಗಲಿ, ಒಂದು ಅಂಕಿ ತಾನೆ ಅಂತಾರೆ. ಎಲ್ಲರಿಗೂ ಸತ್ತಿರಲಿ, ಇವಳಿಗೆ ಮಾತ್ರ ಗೊತ್ತಾಗಲಿ ಅಂತ...”

ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಹಿಂದಿನಿಂದ ಗೊತ್ತಾಗುವಂತಿರಲಿಲ್ಲ. ಇದ್ದಾನೆ. ಎಲ್ಲೋ ಒಂದು ಕಡೆ, ಅವಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅದನ್ನು ಒಗೆಯಲೂ ಮನಸ್ಸಿಲ್ಲದೆ ಇದ್ದಾನೆ. ಹೋಗುವ ಬರುವ ಗಾಡಿಗಳ ನಂಬರು ಕೂಡುತ್ತಿದ್ದಾನೆ. ತಟ್ಟಲು ಮಣಿಕಟ್ಟಿಲ್ಲ.

ಅಷ್ಟರಲ್ಲಿ ಅವಳ ಬೆನ್ನು ಸೆಟೆಯಿತು.

“ಕಾರು ಬಂತು,” ಅಂದಳು. “ಮ್ಯಾನೇಜರು.”

ದಫೇದಾರ ನೆಲಕ್ಕೆ ಕೈಯೂರಿ ಎದ್ದ. “ಇಲ್ಲಿಗೆ ಹೇಗೆ ಬಂದ? ಇಲ್ಲಿರ್ತೀವಿ ಅಂತ ನಾವು ಹೇಳಿರಲಿಲ್ಲ.”

“ದಫೇದಾರ್ರೇ.” ಅವಳು ತಿರುಗಿದಳು. ಬೆಳಿಗ್ಗೆ ಠಾಣೆಯಲ್ಲಿ ಕಂಡ ಮುಖವಲ್ಲ ಅದು. “ನಾನು ಸಹಿ ಹಾಕದೆ ಇದ್ರೆ ಅವರನ್ನ ಹುಡುಕ್ತಾರೆ. ಅಲ್ವಾ?”

“ಹೌದಮ್ಮ. ಆದ್ರೆ ತಡಿ, ಯೋಚನೆ...”

“ಯೋಚನೆ ಅವರು ಮಾಡಿ ಆಗಿದೆ.”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಅವಳು ಮಂಚದ ಬುಡದಲ್ಲಿ ಕುಸಿದಳು, ಮುದುಕಿಯ ಮೊಣಕಾಲಿಗೆ ಹಣೆ ಒತ್ತಿದಳು. ಮರುಕ್ಷಣ ಅವಳ ಗಂಟಲಿನಿಂದ ಬಂದ ಗೋಳಿಗೆ ಕೆಳಗಿನ ಅಂಗಡಿಯ ಸುತ್ತಿಗೆಯ ಸದ್ದು ಕೂಡ ನಿಂತಿತು. ದಫೇದಾರ ಎಷ್ಟೋ ಹೆಂಗ‌ಸರು ಅತ್ತದ್ದನ್ನು ಕಂಡವನು. ಇದು ನಾಟಕವೆಂದು ಗೊತ್ತಿದ್ದೂ ಅವನಿಗೆ ನಂಬಲಾಗಲಿಲ್ಲ. ನಾಟಕವಾಗಿರಲೂ ಇಲ್ಲ. ಇಷ್ಟು ದಿನ ಅದುಮಿಟ್ಟದ್ದಕ್ಕೆ ಅವಳು ಬಾಗಿಲು ತೆರೆದಿದ್ದಳು, ಅಷ್ಟೇ.

ಮ್ಯಾನೇಜರು ಹೊಸ್ತಿಲಲ್ಲಿ ನಿಂತ. ಸ್ವಲ್ಪ ಹೊತ್ತು ನೋಡಿದ. “ಏನಮ್ಮ? ತೀರ್ಮಾನ ಆಯ್ತಾ?”

“ಅವರೇ ಸರ್,” ಅಂದಳು, ಬಿಕ್ಕುತ್ತ. “ನಮ್ಮೋರೇ. ಪೆನ್ನು ಕೊಡಿ.”

ಕಾಗದ ಬಂತು. ಮಂಚದ ಮೇಲೆಯೇ ಇಟ್ಟು ಸಹಿ ಹಾಕಿದಳು. ಕೈ ನಡುಗಲಿಲ್ಲವೆಂಬುದನ್ನು ದಫೇದಾರ ಕಂಡ. ಬೇರೆ ಯಾರೂ ಕಾಣದಿರಲಿ ಎಂದುಕೊಂಡ.

“ಒಳ್ಳೇದಾಯ್ತು,” ಅಂದ ಮ್ಯಾನೇಜರು. ಕಾಗದವನ್ನು ಅವಳ ಕೈಗೇ ವಾಪಸು ಕೊಟ್ಟ. “ಇದನ್ನ ನೀವೇ ಠಾಣೇಲಿ ಕೊಡಬೇಕು. ಕೆಳಗೆ ಕಾರಿನಲ್ಲಿ ಕೂತ್ಕೊಳ್ಳಿ. ಡ್ರೈವರ್ ಇದ್ದಾನೆ.”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಇಳಿದು ಹೋದಳು. ದಫೇದಾರ ಹಿಂದೆಯೇ ಹೊರಟ. ಇಬ್ಬರೂ ಬೀದಿಗೆ ಬರುವಷ್ಟರಲ್ಲಿ ಮ್ಯಾನೇಜರು ಅವನ ಪಕ್ಕಕ್ಕೆ ಬಂದಿದ್ದ. ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

“ಪಾಪ,” ಅಂದ ಮ್ಯಾನೇಜರು. “ಎಷ್ಟು ಅತ್ತರು.”

“ಗಂಡ ಅಲ್ವಾ ಸರ್.”

“ಹೌದು, ಹೌದು.” ಮ್ಯಾನೇಜರು ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ. “ಬೆಳಿಗ್ಗೆ ಒಂದು ಅಂಕಿಗೋಸ್ಕರ ನನ್ನ ಜೊತೆ, ಪೊಲೀಸರ ಜೊತೆ ಜಗಳ ಆಡಿದ್ರು. ಸತ್ರೂ ಒಪ್ಪಲ್ಲ ಅನ್ನೋ ಹಾಗಿದ್ರು. ಈಗಲೂ ಅಂಗಿ ಅದೇ. ನಂಬರೂ ಅದೇ. ಆದ್ರೂ ಒಪ್ಪಿಬಿಟ್ರು. ನಾನು ಅದನ್ನೇ ಯೋಚನೆ ಮಾಡ್ತಿದ್ದೆ. ಮಧ್ಯದಲ್ಲಿ ಮೇಲಿನ ಕೋಣೇಲಿ ಅಂಥ ಯಾವ ಮಾತು ಕೇಳಿದ್ರು ಅವರು?”

ದಫೇದಾರನಿಗೆ ಆಗ ಹೊಳೆಯಿತು. ಎಂಥ ತಪ್ಪು. ಅವಳು ಹಟ ಹಿಡಿದೇ ಇದ್ದಿದ್ದರೆ, ದುಃಖಕ್ಕೆ ತಲೆ ಕೆಟ್ಟವಳೆಂದು ಬಿಟ್ಟುಬಿಡುತ್ತಿದ್ದರು. ಸಹಿ ಹಾಕಿ ಅವಳು ಗಂಡ ಬದುಕಿದ್ದಾನೆಂದು ತಾನೇ ತೋರಿಸಿಕೊಟ್ಟಿದ್ದಳು, ಈ ಮ್ಯಾನೇಜರನ ಕಣ್ಣೆದುರಿಗೆ.

“ಎಲ್ಲಿದ್ದಾನೆ ದಫೇದಾರ್ರೇ, ನಮ್ಮ ಹನ್ನೊಂದಪ್ಪ?” ಮ್ಯಾನೇಜರು ಬಹಳ ಮೃದುವಾಗಿ ಕೇಳಿದ.

ಉತ್ತರಕ್ಕೂ ಕಾಯದೆ ಕಾರಿನತ್ತ ಒಂದು ಕೈ ಎತ್ತಿ ಸನ್ನೆ ಮಾಡಿದ. ಕಾರು ಹೊರಟಿತು. ಠಾಣೆ ಇದ್ದದ್ದು ಬಲಕ್ಕೆ. ಅದು ಎಡಕ್ಕೆ ತಿರುಗಿತು. ಹಿಂದಿನ ಗಾಜಿನಲ್ಲಿ ಅವಳ ಮುಖ ಒಮ್ಮೆ ಕಂಡಿತು, ಸೆರಗು ಸರಿದಿತ್ತು, ಕಣ್ಣಲ್ಲಿ ಇನ್ನೂ ಆ ಸಂತೋಷವೇ ಇತ್ತು.

ಮ್ಯಾನೇಜರು ಮಾತ್ರ ಕಾರು ಹತ್ತದೆ ದಫೇದಾರನ ಪಕ್ಕದಲ್ಲೇ ನಿಂತಿದ್ದ.